ಎಳೆಯ ತುದಿ ಸಿಗದೆ ಸ್ಪಾನರ್ ಎತ್ತಬೇಡ

ಕಾರು ತಂದೆಯಂತೆ, ಕೇಳಿ ಸಂತೋಷವಾಯ್ತಪ್ಪ. 1983ರ ಮರ್ಸಿಡಿಸ್ ಬೆಂಜ್, 240ಡಿ, ಕೆನೆ ಬಣ್ಣ, ಮೂತಿಯ ಮೇಲೆ ನಕ್ಷತ್ರ. ದಿಬ್ಬೂರಹಳ್ಳಿ ರಸ್ತೆಯಲ್ಲಿ ನೀನು ಅದನ್ನು ಓಡಿಸಿಕೊಂಡು ಬಂದಾಗ ರೇಷ್ಮೆ ಗೂಡಿನ ಚೀಲ ಇಳಿಸುತ್ತಿದ್ದವರೆಲ್ಲ ನಿಂತು ನೋಡಿದರಂತೆ. ನೋಡಲಿ ಬಿಡು, ನೋಡುವಂಥ ಕಾರೇ ಅದು. ಆದರೆ ಮನೆಗೆ ಬಂದು ಹದಿನೈದು ದಿನ ಆಗಿಲ್ಲ, ಅಷ್ಟರಲ್ಲೇ ಡ್ಯಾಶ್‌ಬೋರ್ಡ್ ಬಿಚ್ಚಿಟ್ಟಿದ್ದೀಯ, ಪೇಂಟರಿಗೆ ಅಡ್ವಾನ್ಸ್ ಕೊಟ್ಟಿದ್ದೀಯ, ಫೋನಿನಲ್ಲೇ ಅಲಾಯ್ ಚಕ್ರ ತರಿಸಿದ್ದೀಯ. ಬ್ರೇಕ್ ಆಯಿಲ್ ನೋಡಿದೆಯಾ ಅಂದರೆ ತಲೆ ಕೆರೆದುಕೊಳ್ಳುತ್ತೀಯ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ನಿಮ್ಮಜ್ಜಿ ಅನ್ನುತ್ತಿದ್ದದ್ದು ನಿನಗೇ ಹೇಳಿದ ಹಾಗಿದೆ.

ನಿನ್ನ ಕೈ ಒಳ್ಳೆ ಕೈ, ಅದರಲ್ಲಿ ನನಗೆ ಅನುಮಾನವಿಲ್ಲ. ಆರನೇ ಕ್ಲಾಸಿನಲ್ಲಿ ನೀರಿನ ಮೋಟಾರು ಬಿಚ್ಚಿ ಮತ್ತೆ ಕೂಡಿಸಿದವನು ನೀನು. ಉಳಿದ ಒಂದು ನಟ್ಟನ್ನು ಜೇಬಿಗೆ ಹಾಕಿಕೊಂಡವನೂ ನೀನೇ. ಆ ನಟ್ಟಿನ ಬಗ್ಗೆಯೇ ಇವತ್ತಿನ ಮಾತು.

ಈ ಕಾರು ನಮ್ಮೂರಿಗೆ ಪರದೇಶಿ ಅಂತ ತಿಳಿಯಬೇಡ. ನಾನು ಹದಿನಾಲ್ಕರ ಹುಡುಗನಾಗಿ ಲಾರಿ ಗ್ಯಾರೇಜಿಗೆ ಸೇರಿದಾಗ ಮೊದಲು ಒರೆಸಿದ್ದೇ ಈ ನಕ್ಷತ್ರವನ್ನು. ಟಾಟಾದವರು ಜಮ್ಶೆಡ್‌ಪುರದಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ 1954ರಿಂದ ಲಾರಿ ಮಾಡಿದರು. ಒಪ್ಪಂದ ಹದಿನೈದು ವರ್ಷದ್ದು, 1969ಕ್ಕೆ ಮುಗಿಯಿತು. ನಕ್ಷತ್ರ ಹೋಗಿ 'ಟಿ' ಅಕ್ಷರ ಬಂತು. ಆದರೂ ಎಷ್ಟೋ ವರ್ಷ ಜನ 'ಬೆಂಜ್ ಲಾರಿ' ಅಂತಲೇ ಕರೆದರು. ನಮ್ಮ ಕಡೆಯ ಮೇಸ್ತ್ರಿಗಳು ಡೀಸೆಲ್ ಎಂಜಿನ್ ಕಲಿತದ್ದು ಆ ಲಾರಿಗಳ ಹೊಟ್ಟೆಯ ಕೆಳಗೆ ಮಲಗಿ. ಆ ಎಂಜಿನ್ನಿಗೆ ಡೀಸೆಲ್ ಹೊಡೆಯುವ ಪಂಪು, ನಾಝಲ್ಲು ನಮ್ಮ ಬೆಂಗಳೂರಿನ ಆಡುಗೋಡಿಯಲ್ಲೇ ಆಗುತ್ತಿದ್ದವು. ಮೈಕೋ ಅಂದರೆ ಊರಿಗೆಲ್ಲ ಗೊತ್ತು. 1951ರಲ್ಲಿ ಶುರುವಾದ ಕಂಪನಿ, ಜರ್ಮನಿಯ ಬಾಷ್‌ಗೆ ಸೇರಿದ್ದು. ಈಗ ಹೆಸರೇ ಬಾಷ್. ಇವತ್ತಿಗೂ ನಮ್ಮ ರೈತರು ಟ್ರ್ಯಾಕ್ಟರ್ ಹೊಗೆ ಕಾರಿದರೆ 'ಮೈಕೋ ಅಂಗಡಿಗೆ ತಗೊಂಡು ಹೋಗು' ಅನ್ನುತ್ತಾರೆ.

ಇನ್ನೂ ಹತ್ತಿರದ ನಂಟು ಒಂದಿದೆ, ಇದನ್ನು ಚೆನ್ನಾಗಿ ಕೇಳಿಸಿಕೊ, ನಿನ್ನ ಜೇಬು ಉಳಿಯುತ್ತದೆ. ನಿನ್ನ ಕಾರಿನ ಎಂಜಿನ್ನಿನ ಹೆಸರು ಓಎಂ 616. ನಾಲ್ಕು ಸಿಲಿಂಡರು, 2.4 ಲೀಟರು, 72 ಅಶ್ವಶಕ್ತಿ. ಅದೇ ಎಂಜಿನ್ನನ್ನು ಬಜಾಜ್ ಟೆಂಪೋದವರು ಬೆಂಜ್ ಪರವಾನಗಿ ಪಡೆದು ನಮ್ಮ ದೇಶದಲ್ಲೇ ಮಾಡಿದರು. ಆ ಕಂಪನಿಯೇ ಈಗಿನ ಫೋರ್ಸ್ ಮೋಟಾರ್ಸ್. ಚಿಂತಾಮಣಿ ರಸ್ತೆಯಲ್ಲಿ ಮದುವೆ ದಿಬ್ಬಣ ತುಂಬಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಸ್, ತಿರುಪತಿಗೆ ಹೋಗುತ್ತಿದ್ದ ಟೆಂಪೋ ಟ್ರಾವೆಲರ್, ಅವುಗಳ ಎದೆಯಲ್ಲಿ ಬಡಿಯುತ್ತಿದ್ದದ್ದು ನಿನ್ನ ಕಾರಿನ ಎಂಜಿನ್ನಿನ ಅಣ್ಣತಮ್ಮಂದಿರೇ. ಅಂದಮೇಲೆ ಪ್ಯಾಕಿಂಗ್ ಸೆಟ್ಟಿಗೋ ಪಿಸ್ಟನ್ ರಿಂಗಿಗೋ ಜರ್ಮನಿಗೆ ದುಡ್ಡು ಕಳಿಸುವ ಮುಂಚೆ ಜೆ.ಸಿ. ರಸ್ತೆಯಲ್ಲಿ ಟ್ರ್ಯಾಕ್ಸ್ ಸಾಮಾನು ಮಾರುವ ಅಂಗಡಿಯ ಮೆಟ್ಟಿಲು ಹತ್ತು. ಹಳೇ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗು. ಫೋಟೋ ತೋರಿಸಿದರೆ ಸಾಲದು. ಒಳಗಿನ ಸಾಮಾನು ಹೊಂದಿದರೂ ಹೊರಗೆ ಕೂಡುವ ಬ್ರಾಕೆಟ್ಟು, ಸಂಪು ಗಾಡಿಗೆ ತಕ್ಕಂತೆ ಬೇರೆಯಾಗಿರುತ್ತವೆ. ಪಕ್ಕ ಪಕ್ಕ ಇಟ್ಟು ತೂತಿಗೆ ತೂತು ಅಳೆದು ನೋಡಿ ತಾ.

ಸಾಮಾನಿನ ನಂಬರು ಓದುವುದನ್ನೂ ಕಲಿ. ಬೆಂಜ್ ಸಾಮಾನಿನ ಮೇಲಿರುವ ನಂಬರಿನ ಮೊದಲ ಮೂರು ಅಂಕಿ ಅದು ಯಾವ ಮನೆಯದು ಅಂತ ಹೇಳುತ್ತದೆ. 616 ಅಂದರೆ ಎಂಜಿನ್ನಿಗೆ ಹುಟ್ಟಿದ್ದು, 123 ಅಂದರೆ ನಿನ್ನ ಕಾರಿನ ಮೈಗೆ ಹುಟ್ಟಿದ್ದು. 123 ಅನ್ನುವುದೇ ಆ ಮಾದರಿಯ ಹೆಸರು. 1976ರಿಂದ 1986ರ ತನಕ ಹತ್ತಿರ ಹತ್ತಿರ 27 ಲಕ್ಷ ಕಾರು ಮಾಡಿದ್ದಾರೆ. ಹಾಗಾಗಿ ಸಾಮಾನು ಸಿಗುವುದಿಲ್ಲ ಅಂತ ಯಾರಾದರೂ ನಿನ್ನನ್ನು ಹೆದರಿಸಿದರೆ ನಂಬಬೇಡ. ಸಿಗುತ್ತದೆ, ಆದರೆ ನಿನ್ನ ಅವಸರಕ್ಕೆ ಸಿಗುವುದಿಲ್ಲ.

ಅವಸರದ ಮಾತು ಬಂತಲ್ಲ, ಹೋದ ವಾರ ನಡೆದದ್ದನ್ನೇ ತೆಗೆದುಕೊ. ಕೀ ತಿರುಗಿಸಿ ಕೈಗೆ ತೆಗೆದುಕೊಂಡೆ, ಎಂಜಿನ್ ನಿಲ್ಲಲಿಲ್ಲ. ಗಾಬರಿಬಿದ್ದೆ. ಬ್ಯಾಟರಿ ತಂತಿ ಕಿತ್ತೆ, ಆಗಲೂ ನಿಲ್ಲಲಿಲ್ಲ. ದೆವ್ವ ಹೊಕ್ಕಿದೆ ಅಂತ ಪಕ್ಕದ ಮನೆಯವರು ಅಂದರಂತೆ. ಡೀಸೆಲ್ ಎಂಜಿನ್ನಿಗೆ ಬೆಂಕಿ ಹಚ್ಚಲು ಕರೆಂಟು ಬೇಡ ಮಗಾ, ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿಯೇ ಅದು ಉರಿಸುತ್ತದೆ. ಬ್ಯಾಟರಿ ಕಿತ್ತು ಏನು ಬಂತು? ಈ ಕಾರಿನಲ್ಲಿ ಕೀ ತಿರುಗಿಸಿದರೆ ವ್ಯಾಕ್ಯೂಮ್, ಅಂದರೆ ಗಾಳಿ ಹೀರುವ ಸೆಳೆತ, ಒಂದು ಸಣ್ಣ ಕೊಳವೆಯಲ್ಲಿ ಹೋಗಿ ಪಂಪಿನ ಡೀಸೆಲ್ ನಿಲ್ಲಿಸುತ್ತದೆ. ಸೆಳೆತ ಸೋರಿದರೆ ಎಂಜಿನ್ ನಿಲ್ಲುವುದಿಲ್ಲ. ಬಾನೆಟ್ ಎತ್ತು, ಎಂಜಿನ್ ಮೇಲೆ ಕೆಂಪಕ್ಷರದಲ್ಲಿ 'ಸ್ಟಾಪ್' ಅಂತ ಬರೆದ ಒಂದು ಸಣ್ಣ ಹಿಡಿ ಇದೆ. ಒತ್ತಿ ಹಿಡಿದರೆ ಮಗು ಮಲಗಿದ ಹಾಗೆ ನಿಲ್ಲುತ್ತದೆ. ಮಾಡಿದವರು ನಿನ್ನಂಥವನಿಗೆ ಅಂತಲೇ ಇಟ್ಟಿದ್ದಾರೆ.

ಆಮೇಲೆ ನೀನು ಏನು ಮಾಡಿದೆ? ಡೀಸೆಲ್ ಪಂಪು ಹೋಗಿದೆ ಅಂತ ತೀರ್ಮಾನ ಮಾಡಿ ಪಂಪು ಬಿಚ್ಚಲು ಸ್ಪಾನರ್ ಎತ್ತಿದೆ. ಅಷ್ಟರಲ್ಲಿ ನಿನ್ನ ತಂಗಿ ನನಗೆ ಫೋನ್ ಮಾಡದಿದ್ದರೆ ಇವತ್ತು ಆ ಪಂಪು ನಾಲ್ಕು ತಟ್ಟೆಯಲ್ಲಿ ಬಿದ್ದಿರುತ್ತಿತ್ತು. ಅದರ ಟೈಮಿಂಗ್ ಕೂಡಿಸಲು ನಿನ್ನಿಂದ ಆಗುತ್ತಿರಲಿಲ್ಲ. ನಾನು ಕೇಳಿದ್ದು ಒಂದೇ ಮಾತು: ಬಾಗಿಲ ಲಾಕ್ ಎಲ್ಲ ಬೀಳುತ್ತಾ? ಹಿಂದಿನ ಎಡಗಡೆ ಬಾಗಿಲಿನದು ಬೀಳಲ್ಲ ತಾತ ಅಂದಳು. ಸಿಕ್ಕಿತಲ್ಲ ತುದಿ! ಬಾಗಿಲುಗಳ ಲಾಕು, ಡಿಕ್ಕಿಯ ಲಾಕು, ಡೀಸೆಲ್ ಟ್ಯಾಂಕಿನ ಮುಚ್ಚಳದ ಲಾಕು ಎಲ್ಲ ಅದೇ ಸೆಳೆತದಿಂದ ನಡೆಯುತ್ತವೆ. ಎಲ್ಲಕ್ಕೂ ತಾಯಿ ಎಂಜಿನ್ ಮುಂದಿರುವ ಒಂದೇ ವ್ಯಾಕ್ಯೂಮ್ ಪಂಪು. ಹಿಂದಿನ ಬಾಗಿಲೊಳಗಿನ ನಾಲ್ಕು ಕಾಸಿನ ರಬ್ಬರ್ ಹರಿದಿದ್ದಕ್ಕೆ ಮುಂದಿನ ಎಂಜಿನ್ ನಿಲ್ಲದೆ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ ನೀನು ಪಂಪಿಗೆ ಬರೆ ಹಾಕಲು ಹೊರಟಿದ್ದೆ.

ನಮ್ಮೂರಿನಲ್ಲಿ ಹುಟ್ಟಿ ಇದು ಗೊತ್ತಾಗಲಿಲ್ಲ ಅಂದರೆ ಹೇಗೆ ಹೇಳು. ಗೂಡು ಮಾರುಕಟ್ಟೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ರೀಲಿಂಗ್ ಮನೆ. ಒಂದು ದಿನ ಹೋಗಿ ಸುಮ್ಮನೆ ನಿಂತು ನೋಡು. ಬೆಂದ ಗೂಡುಗಳು ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಹೆಂಗಸರು ಆ ಬಿಸಿಯಲ್ಲೇ ಬೆರಳಾಡಿಸಿ ಒಂದೊಂದು ಗೂಡಿನ ಎಳೆಯ ತುದಿ ಹುಡುಕುತ್ತಾರೆ. ಸರಿಯಾದ ತುದಿ ಸಿಕ್ಕಿತೋ, ಒಂದು ಗೂಡಿನಿಂದ ನೂರಾರು ಮೀಟರ್ ನೂಲು ತುಂಡಾಗದೆ ಬಿಚ್ಚಿಕೊಂಡು ಬರುತ್ತದೆ. ಸಿಗುವ ಮುಂಚೆ ಎಳೆದರೆ ಕೈಗೆ ಬರುವುದು ಗೋಜಲು. ಕಾರೂ ಹಾಗೇ. ಯಾವುದು ಕೆಟ್ಟಿದೆ ಅನ್ನುವುದಕ್ಕಿಂತ ಮೊದಲು ಯಾವುದು ಕೆಟ್ಟಿಲ್ಲ ಅಂತ ಒಂದೊಂದಾಗಿ ತೆಗೆದುಹಾಕು. ವ್ಯಾಕ್ಯೂಮ್ ಆದರೆ ಒಂದೊಂದು ಕವಲನ್ನೂ ಮುಚ್ಚಿ ನೋಡು. ಯಾವುದನ್ನು ಮುಚ್ಚಿದಾಗ ಎಂಜಿನ್ ತಟ್ಟನೆ ನಿಂತಿತೋ ಸೋರುವುದು ಅಲ್ಲೇ. ಇದಕ್ಕೆ ಬೇಕಾದ್ದು ಅರ್ಧ ಗಂಟೆ, ಒಂದು ಕೈ ಪಂಪು, ಮತ್ತು ಬಾಯಿ ಮುಚ್ಚಿಕೊಂಡು ಕೂರುವ ತಾಳ್ಮೆ. ಮೊದಲೆರಡು ನಿನ್ನ ಹತ್ತಿರ ಇವೆ.

ಹೊಗೆ ನೋಡುವುದನ್ನು ಕಲಿ. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಮೊದಲು ಏರ್ ಫಿಲ್ಟರ್ ತೆಗೆದು ನೋಡು, ಆಮೇಲೆ ನಾಝಲ್. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬಂದು, ಎಂಜಿನ್ ಕುಂಟಿ, ಆಮೇಲೆ ಸರಿಹೋದರೆ ಹೀಟರ್ ಪ್ಲಗ್ ಅನ್ನುತ್ತಾರೆ ಎಲ್ಲರೂ. ಇರಬಹುದು. ಆದರೆ ಪ್ಲಗ್ ಕೊಳ್ಳುವ ಮುಂಚೆ ಟ್ಯಾಪೆಟ್ ನೋಡು. ಈ ಎಂಜಿನ್ನಿನಲ್ಲಿ ವಾಲ್ವು ತನ್ನ ಸೀಟನ್ನು ಸವೆಸುತ್ತಾ ಸವೆಸುತ್ತಾ ಮೇಲೇರುತ್ತದೆ, ಸಂದು ಕಿರಿದಾಗುತ್ತದೆ. ಕೊನೆಗೆ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ, ಒತ್ತಡ ಸೋರುತ್ತದೆ, ಎಂಜಿನ್ ಬೆಳಗಿನ ಚಳಿಯಲ್ಲಿ ಏಳುವುದಿಲ್ಲ. ಟ್ಯಾಪೆಟ್ ಕಟಕಟ ಅಂದರೆ ಹೆದರಬೇಡ, ಸದ್ದೇ ಇಲ್ಲದೆ ನಯವಾಗಿ ಓಡುತ್ತಿದೆ ಅಂದರೆ ಹೆದರು. ನಾಲ್ಕು ಜನ ಬ್ಯಾಟರಿ ಬದಲಾಯಿಸಿ, ಸೆಲ್ಫ್ ಬದಲಾಯಿಸಿ, ಪ್ಲಗ್ ಬದಲಾಯಿಸಿ, ಕೊನೆಗೆ ಎಂಜಿನ್ನೇ ಹೋಯಿತು ಅಂತ ಗುಜರಿಗೆ ಮಾರಲು ಹೊರಟಿದ್ದ ಗಾಡಿಗಳನ್ನು ನಾನು ಒಂದು ಫೀಲರ್ ಗೇಜು, ಎರಡು ಸ್ಪಾನರಿನಲ್ಲಿ ಎಬ್ಬಿಸಿದ್ದೇನೆ. ಸಂದಿನ ಅಳತೆ ನೆನಪಿಟ್ಟುಕೊ: ಗಾಳಿ ಎಳೆಯುವ ವಾಲ್ವಿಗೆ 0.10 ಮಿಲಿಮೀಟರ್, ಹೊಗೆ ಬಿಡುವ ವಾಲ್ವಿಗೆ 0.30. ಎಂಜಿನ್ ತಣ್ಣಗಿರಬೇಕು. ಇಪ್ಪತ್ತು ಸಾವಿರ ಕಿಲೋಮೀಟರಿಗೊಮ್ಮೆ ನೋಡಿದರೆ ಸಾಕು.

ಈಗ ನೀರಿನ ವಿಷಯ. ನಿನಗೆ ನಿಜವಾಗಿ ಗದರಬೇಕಾದದ್ದು ಇಲ್ಲೇ. ಮೊನ್ನೆ ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿದೆಯಂತೆ. ನಮ್ಮ ಸೀಮೆಯ ನೀರು ಸಾವಿರ ಅಡಿ ಆಳದಿಂದ ಬರುವ ಗಡಸು ನೀರು. ಮನೆಯ ನೀರು ಕಾಯಿಸುವ ಪಾತ್ರೆಯೊಳಗೆ ಬೆರಳು ಉಜ್ಜಿ ನೋಡು, ಸುಣ್ಣದ ಬಿಳಿ ಪೊರೆ ಕೂತಿರುತ್ತದೆ. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂತರೆ ನೀರು ಓಡುವುದೆಲ್ಲಿ? ಎಂಜಿನ್ ಬ್ಲಾಕಿನೊಳಗೆ ಕೂತರೆ ಅದನ್ನು ತೆಗೆಯುವವರು ಯಾರು? ನೀರು ಗಡಸಾದರೆ ನೂಲಿನ ಹೊಳಪು ಹೋಗುತ್ತದೆ ಅಂತ ನಮ್ಮೂರಿನ ರೀಲರುಗಳಿಗೆ ಗೊತ್ತು. ನೂಲಿಗಿರುವ ಮರ್ಯಾದೆಯನ್ನು ಎಂಜಿನ್ನಿಗೂ ಕೊಡು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ಒಳ್ಳೆ ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ ಹಾಕು. ನಮಗೇನು ಹಿಮ ಬೀಳುತ್ತದಾ, ಕೂಲೆಂಟ್ ಯಾಕೆ ಅಂತ ಕೇಳಬೇಡ. ತುಕ್ಕು ತಡೆಯುವುದಕ್ಕೆ ಬೇಕು.

ಬಿಸಿ ಜಾಸ್ತಿ ಆಗುತ್ತೆ ಅಂದರೆ 'ಥರ್ಮೋಸ್ಟಾಟ್ ಕಿತ್ತು ಬಿಸಾಕು' ಅನ್ನುವ ಮೇಸ್ತ್ರಿಗಳು ಇದ್ದಾರೆ. ಒಳ್ಳೆಯವರೇ, ಆದರೆ ಈ ಕಾರಿಗೆ ಆ ಬುದ್ಧಿ ಸಲ್ಲದು. ಇದರ ಥರ್ಮೋಸ್ಟಾಟ್ ಎರಡು ಬಾಗಿಲ ಕಾವಲುಗಾರ. ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುತ್ತದೆ, ಜೊತೆಗೇ ರೇಡಿಯೇಟರ್ ತಪ್ಪಿಸಿ ಹೋಗುವ ಅಡ್ಡದಾರಿಯನ್ನು ಮುಚ್ಚುತ್ತದೆ. ಕಿತ್ತರೆ ಅಡ್ಡದಾರಿ ಹಗಲೂ ರಾತ್ರಿ ತೆರೆದೇ ಇರುತ್ತದೆ, ಬಿಸಿನೀರು ಸುತ್ತಿ ಮತ್ತೆ ಎಂಜಿನ್ನಿಗೇ ಬರುತ್ತದೆ. ಬಿಸಿ ತಗ್ಗುವ ಬದಲು ಏರುತ್ತದೆ. ಮುಚ್ಚಳವನ್ನು ಬಿಸಿಯಿರುವಾಗ ತೆರೆಯಬೇಡ ಅಂತ ಬೇರೆ ಹೇಳಬೇಕಾ? ನನ್ನ ಬಲಗೈಯ ಕಲೆ ಚಿಕ್ಕಂದಿನಿಂದ ನೋಡಿದ್ದೀಯ. ಅದು ಹದಿನೈದನೇ ವಯಸ್ಸಿನಲ್ಲಿ ಲಾರಿ ರೇಡಿಯೇಟರ್ ಕೊಟ್ಟದ್ದು. ಮೂರು ವಾರ ಅಮ್ಮ ಊಟ ತಿನ್ನಿಸಿದಳು.

ಇನ್ನೊಂದು ಕಥೆ ಹೇಳುತ್ತೇನೆ, ಇದನ್ನು ಯಾರಿಗೂ ಹೆಚ್ಚು ಹೇಳಿಲ್ಲ. ನನಗೆ ಇಪ್ಪತ್ತಾರು ವರ್ಷ. ಕೈ ಪಳಗಿತ್ತು, ಹೆಸರೂ ಬಂದಿತ್ತು. ಗೂಡು ಸಾಗಿಸುವ ಒಂದು ಲಾರಿಯ ಹೆಡ್ ಇಳಿಸಿ ಪ್ಯಾಕಿಂಗ್ ಹಾಕಿ ಮತ್ತೆ ಕೂಡಿಸುತ್ತಿದ್ದೆ. ಬೆಳಗಾಗುವುದರೊಳಗೆ ಲಾರಿ ಹೊರಡಬೇಕು, ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಬ್ಲಾಕಿನಲ್ಲಿ ಬೋಲ್ಟು ಇಳಿಯುವ ತೂತುಗಳಿರುತ್ತವಲ್ಲ, ಕೆಳಗೆ ಬಾಯಿ ಇಲ್ಲದ ಕುರುಡು ತೂತು, ಅದರೊಳಗೆ ಆಯಿಲ್ ನಿಂತಿತ್ತು. ಒರೆಸಬೇಕು, ಊದಬೇಕು, ಒಣಗಿದೆಯಾ ಅಂತ ನೋಡಬೇಕು. ಐದು ನಿಮಿಷದ ಕೆಲಸ. ಮಾಡಲಿಲ್ಲ. ಬೋಲ್ಟು ಇಳಿಸಿ ಬಿಗಿದೆ. ಆಯಿಲ್ ಎಲ್ಲಿಗೆ ಹೋಗಬೇಕು? ಒತ್ತಿದರೆ ಕುಗ್ಗುವ ವಸ್ತುವಲ್ಲ ಅದು. 'ಟಿಕ್' ಅಂತ ಒಂದು ಸಣ್ಣ ಸದ್ದು ಬಂತು. ಬ್ಲಾಕು ಸೀಳಿತ್ತು. ಆ ಬ್ಲಾಕಿನ ಬೆಲೆ ತೀರಿಸಲು ನಾನು ಹದಿನಾಲ್ಕು ತಿಂಗಳು ಅರ್ಧ ಸಂಬಳಕ್ಕೆ ದುಡಿದೆ. ನಿಮ್ಮಜ್ಜಿಯ ಎರಡು ಬಳೆ ಹೋಯಿತು. ಅವಳು ಒಂದು ಮಾತೂ ಆಡಲಿಲ್ಲ. ಇವತ್ತಿಗೂ ತೂತು ಕಂಡರೆ ನನ್ನ ಕೈ ತಾನಾಗಿ ಬಟ್ಟೆ ಹುಡುಕುತ್ತದೆ.

ಅದಕ್ಕೇ ಹೇಳಿದ್ದು, ಜೇಬಿನಲ್ಲಿ ನಟ್ಟು ಉಳಿಸಿಕೊಳ್ಳುವ ಹುಡುಗ ದೊಡ್ಡವನಾಗಬೇಕು. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಹಳೇ ಬಿಳಿ ಪಂಚೆಯ ಮೇಲೆ ಜೋಡಿಸು. ಡಬ್ಬಿಗೆ ಚೀಟಿ ಅಂಟಿಸು. ಫೋಟೋ ಹೊಡೆದುಕೊ, ಆ ಫೋನು ಅದಕ್ಕಾದರೂ ಆಗಲಿ. ಒಂದು ನೋಟ್‌ಬುಕ್ ಇಡು: ಯಾವ ತಾರೀಕು, ಎಷ್ಟು ಕಿಲೋಮೀಟರು, ಏನು ಹಾಕಿದೆ, ಏನು ತೆಗೆದೆ. ಮುದ್ದೇನಹಳ್ಳಿ ನಮಗೆ ಹತ್ತಿರವೇ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೂವತ್ತರ ದಶಕದಲ್ಲೇ ನಮ್ಮ ದೇಶದಲ್ಲಿ ಕಾರಿನ ಕಾರ್ಖಾನೆ ಆಗಬೇಕು ಅಂತ ಯೂರೋಪು, ಅಮೆರಿಕ ಸುತ್ತಿ ಲೆಕ್ಕ ಹಾಕಿ ಯೋಜನೆ ಬರೆದು ತಂದವರು. ಬ್ರಿಟಿಷ್ ಸರ್ಕಾರ ಕೈ ಹಿಡಿಯಲಿಲ್ಲ, ಆಗ ಕಾರ್ಖಾನೆ ಆಗಲಿಲ್ಲ. ನನಗೆ ಅದು ಇವತ್ತಿಗೂ ಹೊಟ್ಟೆ ಉರಿಯುವ ವಿಷಯ. ಆದರೆ ಕೆಲಸವನ್ನು ಬರೆದಿಡುವ ಗುಣ ಕಲಿಯಲು ಅವರ ಮನೆಯ ಅಂಗಳಕ್ಕಿಂತ ದೂರ ಹೋಗಬೇಕಾಗಿಲ್ಲ.

ಕಾರನ್ನು ಎಲ್ಲಿ ನಿಲ್ಲಿಸಿದ್ದೀಯ ಅಂತ ಕೇಳಿ ನನ್ನ ಎದೆ ಧಸಕ್ಕೆಂದಿತು. ಬೆಳೆ ಮುಗಿದು ಹುಳು ಮನೆ ಖಾಲಿ ಇದೆ, ನೆರಳಿದೆ ಅಂತ ಅಲ್ಲೇ ನಿಲ್ಲಿಸಿದ್ದೀಯ. ಎರಡು ಬೆಳೆಯ ನಡುವೆ ನಿಮ್ಮಪ್ಪ ಹುಳು ಮನೆಗೆ ಏನು ಹೊಡೆಯುತ್ತಾನೆ? ಬ್ಲೀಚಿಂಗ್ ಪೌಡರು, ಸುಣ್ಣ. ಅದರ ಕ್ಲೋರಿನ್ ಗಾಳಿ ಕಬ್ಬಿಣವನ್ನು ತಿನ್ನುತ್ತದೆ, ಕ್ರೋಮಿಯಂ ಹೊಳಪನ್ನೂ ಬಿಡುವುದಿಲ್ಲ. ನಮ್ಮದು ಒಣ ಸೀಮೆ, ಕರಾವಳಿಯ ಕಾರಿನಂತೆ ನಮ್ಮ ಕಾರು ತುಕ್ಕು ಹಿಡಿಯುವುದಿಲ್ಲ ಅನ್ನುವ ಭಾಗ್ಯವನ್ನು ನೀನೇ ಕೈಯಾರೆ ಕಳೆಯುತ್ತೀಯಾ? ಇನ್ನೊಂದು ಕಡೆಯಿಂದಲೂ ಯೋಚಿಸು. ಹುಳು ಎಂಥ ಸೂಕ್ಷ್ಮ ಅಂತ ನಿನಗೆ ಹೇಳಬೇಕಾಗಿಲ್ಲ. ಬೀಡಿ ಹೊಗೆಯೂ ತಾಕದಂತೆ ಸಾಕುವ ಜೀವ ಅದು. ಆ ಮನೆಯೊಳಗೆ ಡೀಸೆಲ್ ಹೊಗೆ ಬಿಟ್ಟು ಗೋಡೆಗೆ ಮಸಿ ಹಿಡಿಸಿದರೆ ಮುಂದಿನ ಬೆಳೆಗೆ ಯಾರು ಜವಾಬು? ಮನೆ ನಡೆಸುವುದು ಹುಳು ಕಣಪ್ಪ, ಕಾರಲ್ಲ. ಇವತ್ತೇ ತೆಗೆ. ಪಡಸಾಲೆ ಪಕ್ಕ ಶೀಟು ಹಾಕಿಸು, ನಾಲ್ಕು ಕಡೆ ಗಾಳಿ ಆಡಲಿ.

ತುಕ್ಕು ಎಲ್ಲಿ ಹಿಡಿಯುತ್ತದೆ ಅಂತ ನೋಡಲು ಬಣ್ಣದ ಕಡೆ ನೋಡಬೇಡ, ಮಂಡಿಯೂರು. ಜಾಕಿ ಕೊಡುವ ಜಾಗ, ಬ್ಯಾಟರಿ ತಟ್ಟೆಯ ಕೆಳಗೆ, ಡಿಕ್ಕಿಯಲ್ಲಿ ಸ್ಟೆಪ್ನಿ ಮಲಗುವ ಗುಂಡಿ, ಹಿಂದಿನ ಗಾಜಿನ ರಬ್ಬರಿನ ಅಂಚು, ಕಾಲಡಿಯ ಮ್ಯಾಟಿನ ಕೆಳಗೆ. ಮ್ಯಾಟ್ ಎತ್ತಿದಾಗ ಕೈಗೆ ತೇವ ಹತ್ತಿದರೆ ಪೇಂಟರಿಗೆ ಕೊಟ್ಟ ಅಡ್ವಾನ್ಸ್ ವಾಪಸು ಕೇಳು. ಒಳಗೆ ಕೊಳೆಯುತ್ತಿರುವ ತಗಡಿನ ಮೇಲೆ ಪಟ್ಟಿ ಮೆತ್ತಿ ಬಣ್ಣ ಹೊಡೆದರೆ ಎರಡು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಮೊದಲು ನಿಲ್ಲುವುದಕ್ಕೆ ಖರ್ಚು ಮಾಡು, ಆಮೇಲೆ ಓಡುವುದಕ್ಕೆ, ಬಣ್ಣ ಕಟ್ಟಕಡೆಗೆ. ನಿಲ್ಲುವುದು ಅಂದರೆ ಬ್ರೇಕು. ಬ್ರೇಕಿನ ರಬ್ಬರ್ ಹೋಸು ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಊದಿಕೊಂಡಿರುತ್ತದೆ. ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸು ಬರುವುದಿಲ್ಲ. ಗಾಡಿ ಒಂದು ಕಡೆಗೆ ಎಳೆಯುತ್ತದೆ. ನಾಲ್ಕನ್ನೂ ಹೊಸದು ಹಾಕಿಸು. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸು. ಟೈರಿನ ಗೆರೆ ದಪ್ಪಗಿದೆ ಅಂತ ಬೀಗಬೇಡ, ಪಕ್ಕದಲ್ಲಿರುವ ನಾಲ್ಕು ಅಂಕಿ ಓದು. 2316 ಅಂದರೆ 2016ನೇ ಇಸವಿಯ 23ನೇ ವಾರ ಹುಟ್ಟಿದ್ದು. ಕಡಿಮೆ ಓಡುವ ಕಾರಿನ ಟೈರು ಸವೆಯುವುದಿಲ್ಲ, ಕೂತಲ್ಲೇ ಮುದಿಯಾಗುತ್ತದೆ.

ಆ ಅಲಾಯ್ ಚಕ್ರದ ಬಗ್ಗೆ ಒಂದು ಮಾತು, ತಂದದ್ದು ತಂದೆ. ಅದಕ್ಕೆ ಉದ್ದನೆಯ ಬೋಲ್ಟು ಬೇಕು. ಸ್ಟೆಪ್ನಿ ಮಾತ್ರ ಹಳೇ ಕಬ್ಬಿಣದ ಚಕ್ರ. ದಾರಿಯಲ್ಲಿ ಪಂಕ್ಚರ್ ಆಗಿ ಕಬ್ಬಿಣದ ಚಕ್ರಕ್ಕೆ ಉದ್ದನೆಯ ಬೋಲ್ಟನ್ನೇ ಬಿಗಿದರೆ, ಅದು ಒಳಗೆ ಚಾಚಿ ಹಿಂದಿನ ಹ್ಯಾಂಡ್‌ಬ್ರೇಕನ್ನೇ ಕೆರೆಯುತ್ತದೆ. ಹಳೇ ಗಿಡ್ಡ ಬೋಲ್ಟುಗಳನ್ನು ಚೀಲದಲ್ಲಿ ಕಟ್ಟಿ ಸ್ಟೆಪ್ನಿ ಜೊತೆಗೇ ಇಡು. ಜಾಕಿ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಇಡಬೇಡ, ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ನುಸುಳು. ಇದನ್ನು ಮಾತ್ರ ಮೀರಬೇಡ. ನಮ್ಮ ಗ್ಯಾರೇಜಿನಲ್ಲಿ ನನ್ನ ಜೊತೆ ಕಲಿತ ಹುಡುಗನೊಬ್ಬನನ್ನು ನಾನು ಹಾಗೆ ಕಳೆದುಕೊಂಡಿದ್ದೇನೆ.

ಆಯಿಲ್ ಬದಲಾಯಿಸಿದ ಮಾರನೇ ದಿನವೇ ಕಪ್ಪಾಯಿತು, ಮೋಸ ಮಾಡಿದರು ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋದೆಯಂತೆ. ಹಳೇ ಡೀಸೆಲ್ಲಿನಲ್ಲಿ ಆಯಿಲ್ ಕಪ್ಪಾಗದಿದ್ದರೇ ಅನುಮಾನ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹೋಗಿ ಅವನ ಹತ್ತಿರ ಒಂದು ಕಾಫಿ ಕುಡಿದು ಬಾ. ಐದು ಸಾವಿರ ಕಿಲೋಮೀಟರಿಗೊಮ್ಮೆ ತಪ್ಪದೆ ಬದಲಾಯಿಸು, ಫಿಲ್ಟರ್ ಸಮೇತ.

ಕಾಗದ ಪತ್ರದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. ನಿನ್ನದು ಆಮದಾದ ಕಾರು. 2022ರ ಏಪ್ರಿಲ್‌ನಿಂದ ದೇಶದಲ್ಲೇ ತಯಾರಾದ ಕಾರಿಗೆ 5,000 ರೂಪಾಯಿ ಶುಲ್ಕವಾದರೆ ಆಮದು ಕಾರಿಗೆ 40,000 ಆಯಿತು. ಆಮೇಲೂ ದರ ಪರಿಷ್ಕರಣೆ ನಡೆದಿದೆ, ಚಿಕ್ಕಬಳ್ಳಾಪುರದ ಆರ್‌ಟಿಒ ಕೌಂಟರಿನಲ್ಲಿ ಕೇಳಿಕೊಂಡೇ ದುಡ್ಡು ಹೊಂದಿಸು. ಐವತ್ತು ವರ್ಷ ತುಂಬಿದ ಗಾಡಿಗಳಿಗೆ ವಿಂಟೇಜ್ ಅಂತ ಬೇರೆ ನೋಂದಣಿ 2021ರಿಂದ ಬಂದಿದೆ, ನಂಬರಿನಲ್ಲಿ 'ವಿಎ' ಅಕ್ಷರ ಇರುತ್ತದೆ. ನಿನ್ನ ಕಾರಿಗೆ ಆ ಯೋಗ 2033ಕ್ಕೆ. ಅಲ್ಲಿಯ ತನಕ ಉಳಿಸಿಕೊ. ಹೇಗೆ ಉಳಿಸುತ್ತಾರೆ ಅಂತ ನೋಡಬೇಕಾದರೆ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳನ್ನು ನೋಡಿ ಬಾ. ಹೊಳಪನ್ನಲ್ಲ, ಬಾಗಿಲ ಸಂದುಗಳನ್ನು ನೋಡು.

ಓಡಿಸುವಾಗಲೂ ಅದರ ವಯಸ್ಸಿಗೆ ಮರ್ಯಾದೆ ಕೊಡು. 72 ಅಶ್ವಶಕ್ತಿಯಲ್ಲಿ ಬೆಂಗಳೂರು ಹೆದ್ದಾರಿಯ ಇನ್ನೋವಾಗಳ ಜೊತೆ ಜಿದ್ದಿಗೆ ಬೀಳಬೇಡ. ಅದು ನಿನಗಿಂತ ಎಷ್ಟೋ ದೊಡ್ಡದು, ನಿನ್ನಪ್ಪನ ವಾರಿಗೆಯದು. ನಂದಿ ಬೆಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿ, ಬ್ರೇಕಿಗೆ ಕಾಲಿಟ್ಟು ಸುಡಬೇಡ. ವಾರಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರ್ ಓಡಿಸು. ಶೀಟಿನ ಕೆಳಗೆ ಹೊದಿಸಿಟ್ಟ ಕಾರನ್ನು ಇಲಿಗಳು ಓಡಿಸುತ್ತವೆ, ವೈರು ಕಡಿದು.

ನಿನ್ನ ತಂಗಿಯನ್ನು ಹತ್ತಿರ ಸೇರಿಸಿಕೊ. ಅವಳು ಕೇಳಿದಳು, ನೋಡಿದಳು, ಆಮೇಲೆ ಫೋನ್ ಮಾಡಿದಳು. ಆ ಗುಣ ನಿನಗಿನ್ನೂ ಬಂದಿಲ್ಲ. ಈ ನಕ್ಷತ್ರದ ಮನೆಯ ಮೊದಲ ದೂರ ಪ್ರಯಾಣದಲ್ಲಿ ದಾರಿಯಲ್ಲೇ ರಿಪೇರಿ ಮಾಡಿದ್ದು ಹೆಂಗಸು, ಗೊತ್ತಾ? 1888ರಲ್ಲಿ ಬೆರ್ತಾ ಬೆಂಜ್ ಅನ್ನುವ ತಾಯಿ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಅವನು ಮಾಡಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಮಿಗಿಲು ಹೋದಳು. ಕೊಳವೆ ಕಟ್ಟಿಕೊಂಡಿತು, ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕು ಸವೆಯಿತು, ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ಚರ್ಮ ಹೊಡೆಸಿದಳು. ಇಂಧನ ಮುಗಿಯಿತು, ಔಷಧಿ ಅಂಗಡಿಯಲ್ಲಿ ಕೊಂಡಳು. ಗಾಡಿ ಪೂರಾ ಬಿಚ್ಚಿ ರಸ್ತೆಯಲ್ಲಿ ಹರಡಿಕೊಂಡು ಕೂರಲಿಲ್ಲ. ಯಾವುದು ಕಟ್ಟಿತ್ತೋ ಅದನ್ನಷ್ಟೇ ಬಿಡಿಸಿಕೊಂಡು ಮುಂದೆ ಹೋದಳು.

ಭಾನುವಾರ ಬೆಳಿಗ್ಗೆ ಆರೂವರೆಗೆ ನಾನೇ ಬರುತ್ತೇನೆ. ಕಾರನ್ನು ಶನಿವಾರ ಸಂಜೆಯೇ ಹುಳು ಮನೆಯಿಂದ ಆಚೆ ತೆಗೆದು ಸಮತಟ್ಟಾದ ಜಾಗದಲ್ಲಿ ನಿಲ್ಲಿಸು. ಫೀಲರ್ ಗೇಜು, 14ರ ಸ್ಪಾನರ್ ಮೂರು, 27ರ ಸಾಕೆಟ್ ಒಂದು, ಹಳೇ ಬಿಳಿ ಪಂಚೆ, ಹೊಸ ನೋಟ್‌ಬುಕ್ ತೆಗೆದಿಟ್ಟಿರು. ತಂಗಿಯನ್ನೂ ಎಬ್ಬಿಸು. ಟ್ಯಾಪೆಟ್ಟನ್ನು ತಣ್ಣಗಿರುವಾಗಲೇ ನೋಡಬೇಕು, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡ.